ಚಿಪ್ಪಿನ ಬಟ್ಟಲು

ತೆಂಗಿನ ಸೀಮೆಯ ಮನೆಯಲ್ಲಿ ಚಿಪ್ಪಿಗೆ ಬರ ಬಂತು ಅಂದರೆ ಯಾರಾದರೂ ನಂಬುತ್ತಾರೆಯೇ? ದಂಡಿನಶಿವರದಿಂದ ಮೂರು ಮೈಲಿ ಆಚೆಗಿನ ಊರಿನಲ್ಲಿ, ತಿಮ್ಮಕ್ಕನ ಮನೆಯಲ್ಲಿ, ಆ ಬೇಸಿಗೆ ಅದೇ ಆಯಿತು. ಕೊಬ್ಬರಿ ಬಿಡಿಸುವಾಗ ಉದುರುವ ಚೂರೆಲ್ಲ ಇದ್ದಿಲು ಮಾಡುವವರ ಪಾಲು. ಮನೆಯ ಒಲೆಗೆ ಉಳಿಯುವುದು ಅಡುಗೆಗೆ ಒಡೆದ ಕಾಯಿಯ ಚಿಪ್ಪು ಮಾತ್ರ. ಬೆಳಿಗ್ಗೆ ನೀರೊಲೆ ಹಚ್ಚಲು ಹೋದರೆ ಅದನ್ನು ತುಂಬಿಡುವ ಮಂಕರಿಯೂ ಖಾಲಿ.

"ಆಶಾ, ಚಿಪ್ಪೆಲ್ಲ ಎಲ್ಲೋದ್ವೇ?"

"ನಿಮ್ಮ ಮೊಮ್ಮಕ್ಕಳನ್ನೇ ಕೇಳಿ ಅತ್ತೆ," ಎಂದು ಸೊಸೆ ಒಳಗಿನಿಂದಲೇ ನಕ್ಕಳು.

ಸ್ಕೂಲಿಗೆ ರಜೆ ಕೊಟ್ಟ ಮೊದಲ ವಾರ ಹತ್ತು ವರ್ಷದ ಜೀವಿತಾ ಮತ್ತು ಆರು ವರ್ಷದ ಸೂರ್ಯಪ್ರಕಾಶ್ ಮೊಬೈಲಿಗೆ ಅಂಟಿಕೊಂಡು ಕೂತಿದ್ದರು. ಊಟಕ್ಕೆ ಕರೆದರೆ ಓಗೊಡುತ್ತಿರಲಿಲ್ಲ. ಆಶಾ ಒಂದು ದಿನ ಮೊಬೈಲ್ ಕಿತ್ತು ಬೀರುವಿಗೆ ಹಾಕಿ, ಪಡಸಾಲೆಯ ಪಕ್ಕದ ಕೋಣೆಯಿಂದ ಖಾಲಿ ಚೀಲ, ಮುರಿದ ಕುರ್ಚಿ ಎಲ್ಲ ಹೊರಗೆ ಹಾಕಿಸಿದಳು. ಹಳೆಯ ಬಾಗಿಲಿನ ಹಲಗೆಯನ್ನು ನಾಲ್ಕು ಇಟ್ಟಿಗೆಯ ಮೇಲೆ ಕೂರಿಸಿ ಮೇಜು ಮಾಡಿದಳು. ಬಿಸ್ಕತ್ತಿನ ಡಬ್ಬಗಳಲ್ಲಿ ಎಮರಿ ಪೇಪರ್, ಅಂಟು, ಬಣ್ಣ. ಗೋಡೆಯ ಮೊಳೆಗಳಲ್ಲಿ ನಾರಿನ ಸಿಂಬೆ, ತೆಂಗಿನ ಕಡ್ಡಿಯ ಕಟ್ಟು. ಜೀವಿತಾ ತಾನೇ ದೊಡ್ಡ ಟೀಚರಮ್ಮನ ಹಾಗೆ ಒಂದು ರಟ್ಟಿನ ಮೇಲೆ ಬರೆದು ಅಂಟಿಸಿದಳು: 'ತೆಗೆದ ಸಾಮಾನು ತೆಗೆದ ಜಾಗಕ್ಕೇ.'

"ಚಿಪ್ಪು ಹಿಡ್ಕಂಡ್ ಕೂತ್ರೆ ಕೊನೇಗೆ ಕೈಗೆ ಚಿಪ್ಪೇ ಗತಿ ಕಣ್ರಲಾ," ಎಂದು ತಿಮ್ಮಕ್ಕ ಗೊಣಗಿದರೂ ಆ ರಟ್ಟಿನ ಮಾತು ಅವಳಿಗೆ ಹಿಡಿಸಿತು. ಕತ್ತಲಲ್ಲಿ ಕೈ ಹಾಕಿದರೂ ಉಪ್ಪಿನ ಜಾಡಿ ಸಿಗಬೇಕು ಅನ್ನುವ ಹೆಂಗಸು ಅವಳು. ಆದ್ದರಿಂದಲೇ, ಸಣ್ಣವ ಸೂರಿ ಒಂದು ದಿನ ಕುಂಚ ಅದ್ದುವ ನೀರಿಗೆಂದು ಕೊಟ್ಟಿಗೆಯ ಕಿಟಕಿಯಲ್ಲಿದ್ದ ಸ್ಟೀಲ್ ಲೋಟ ಎತ್ತಿಕೊಂಡು ಬಂದಾಗ ಅವಳು ಹೌಹಾರಿದಳು.

"ಏಯ್, ಅದನ್ನ ಯಾಕ್ಲಾ ಮುಟ್ಟಿದೆ? ಅಲ್ಲೇ ಇಟ್ಟು ಕೈ ತೊಳ್ಕೊ. ಅದರ ಜಾಗ ಅದೇ."

ಕೈ ಯಾಕೆ ತೊಳೆಯಬೇಕು ಅನ್ನುವುದು ಸೂರಿಗೆ ತಿಳಿಯಲಿಲ್ಲ. ಅದರ ಜಾಗ ಅದೇ ಅನ್ನುವುದು ತಿಳಿಯಿತು. ಇಟ್ಟು ಬಂದ.

ಆ ಲೋಟ ರಾಮಕ್ಕನದು. ಕಾಲೋನಿಯ ರಾಮಕ್ಕ ನಲವತ್ತು ವರ್ಷದಿಂದ ಈ ಮನೆಗೆ ಕೊಬ್ಬರಿ ಬಿಡಿಸಲು ಬರುವವಳು. ಅಟ್ಟದಲ್ಲಿ ವರ್ಷವಿಡೀ ಒಣಗಿದ ಕಾಯಿಯ ಚಿಪ್ಪಿಗೆ ಮಚ್ಚಿನಿಂದ ಹದವಾಗಿ ತಟ್ಟಿ, ಒಳಗಿನ ಇಡೀ ಕೊಬ್ಬರಿ ಗಿಟುಕು ಒಡೆಯದಂತೆ ಬಿಡಿಸುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಕೆಲಸ ಕೊಟ್ಟಿಗೆ ಪಕ್ಕದ ಚಪ್ಪರದಲ್ಲಿ. ಕಾಫಿ ಹೊತ್ತಿಗೆ ಅವಳೇ ಎದ್ದು ಕಿಟಕಿಯಿಂದ ಲೋಟ ತಗೊಂಡು ಹಿಡಿಯುತ್ತಾಳೆ, ತಿಮ್ಮಕ್ಕ ಮೇಲಿನಿಂದ ಬಗ್ಗಿಸುತ್ತಾಳೆ. ಕುಡಿದು, ತಾನೇ ತೊಳೆದು, ತಾನೇ ಕಿಟಕಿಗೆ ಬೋರಲು ಹಾಕುತ್ತಾಳೆ. ಇಬ್ಬರೂ ಸೊಂಟ ನೋವು, ಸೊಸೆಯರು, ಕಾಯಿ ಕದಿಯುವ ಕೋತಿ ಎಲ್ಲ ಮಾತಾಡುತ್ತಾರೆ. ಯಾವತ್ತೂ ಒಂದು ಜಗಳವಿಲ್ಲ.

ಮಕ್ಕಳಿಗೆ ಚಿಪ್ಪಿನ ವಿದ್ಯೆ ಹೇಳಿಕೊಟ್ಟವಳೂ ರಾಮಕ್ಕನೇ. ಎಮರಿ ಪೇಪರ್ ಹಿಡಿದು ಬೆವರು ಸುರಿಸುತ್ತಿದ್ದ ಜೀವಿತಾಳನ್ನು ನೋಡಿ, "ಪೇಪರ್ ಗೀಪರ್ ಎಲ್ಲ ಆಮ್ಯಾಕೆ ಕಣವ್ವ. ಮೊದ್ಲು ಗಾಜಿನ ಚೂರಲ್ಲಿ ಹೆರೀಬೇಕು. ಚಿಪ್ಪಿನ ಕೂದಲು ಹೋಗಿ ಮೈ ಕಾಣಬೇಕು," ಎಂದು ತೋರಿಸಿದಳು. ಎಂಟು ದಿನ ಹುಡುಗಿ ಕೂತಲ್ಲಿಂದ ಏಳಲಿಲ್ಲ. ಹೆರೆದಳು, ಉಜ್ಜಿದಳು, ನೆಟ್ಟಗೆ ನಿಲ್ಲಲೆಂದು ತಳಕ್ಕೆ ಒಂದು ಚಿಪ್ಪಿನ ಬಳೆ ಅಂಟಿಸಿದಳು, ಕೊಬ್ಬರಿ ಎಣ್ಣೆ ತಿಕ್ಕಿದಳು. ಬಟ್ಟಲು ನೇರಳೆ ಹಣ್ಣಿನಂತೆ ಮಿರಿಮಿರಿ ಮಿಂಚಿತು.

ಮೊದಲನೆಯದು ಯಾರಿಗೆ? ಯಾರನ್ನೂ ಕೇಳಲಿಲ್ಲ. ವಿದ್ಯೆ ಕೊಟ್ಟವರಿಗೆ ತಾನೇ ಮೊದಲು. ಅಮ್ಮ ಕಾಸಿದ ಕಾಫಿಯನ್ನು ಅದರ ತುಂಬ ಹಾಕಿ, ಎರಡೂ ಕೈಯಲ್ಲಿ ಹಿಡಿದು, ತುಳುಕದಂತೆ ಹೆಜ್ಜೆ ಇಡುತ್ತ ಚಪ್ಪರಕ್ಕೆ ಹೋದಳು. ಹಿತ್ತಲಲ್ಲಿ ಮೆಣಸಿನಕಾಯಿ ಹರವುತ್ತಿದ್ದ ತಿಮ್ಮಕ್ಕ ತಲೆ ಎತ್ತಿ ನೋಡಿದಳು. ಕೂಗಬೇಕು ಅಂದುಕೊಂಡಳು. ಅಷ್ಟರಲ್ಲಿ ತಡವಾಗಿತ್ತು.

"ರಾಮಕ್ಕಜ್ಜಿ, ಮೊದಲನೇದು ನಿಮಗೆ."

ರಾಮಕ್ಕ ಕೈ ಒರೆಸಿಕೊಂಡು ಮುಂದೆ ಚಾಚಿದಳು. ಚಾಚಿದ ಕೈ ಅರ್ಧಕ್ಕೇ ನಿಂತಿತು. "ಇದ್ರಲ್ಲಿ ಕೊಡು ಅಂತ ಯಾರವ್ವ ಹೇಳಿದ್ದು?"

"ಯಾರೂ ಇಲ್ಲ. ನಾನೇ."

ರಾಮಕ್ಕ ಮಗುವಿನ ತಲೆಯ ಮೇಲಿಂದ ತಿಮ್ಮಕ್ಕನ ಕಡೆ ಒಮ್ಮೆ ನೋಡಿದಳು. ಸಿಟ್ಟಿನ ನೋಟವಾಗಿದ್ದರೆ ತಿಮ್ಮಕ್ಕ ತಡೆದುಕೊಳ್ಳುತ್ತಿದ್ದಳು, ಅದು ಸಿಟ್ಟಲ್ಲ. "ಇಟ್ಟೋಗವ್ವ, ಆರ್ಲಿ," ಅಂದಳು. ಸ್ವಲ್ಪ ಹೊತ್ತಿಗೆ ಮಚ್ಚನ್ನು ಗೋಡೆಗೆ ಒರಗಿಸಿ, ಸೆರಗು ಕೊಡವಿ ಹೊರಟುಹೋದಳು. ಬಟ್ಟಲಿನ ಕಾಫಿಗೆ ಕೆನೆ ಕಟ್ಟಿ ಇರುವೆ ಮುತ್ತಿದವು.

ಮಾರನೆಯ ದಿನ ರಾಮಕ್ಕ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ.

"ಚಿಪ್ಪಲ್ಲಿ ಕಾಫಿ ಕೊಟ್ಟಿದ್ದಕ್ಕೆ ಇಷ್ಟು ರಂಪಾನಾ?" ಅಂದ ತಿಮ್ಮಕ್ಕನ ಮಗ ಗಂಗರಾಜು. ಚಪ್ಪರದಲ್ಲಿ ಅರ್ಧ ಬಿಡಿಸಿದ ಕಾಯಿಯ ರಾಶಿ ಅವನ ಕಣ್ಣು ಕುಕ್ಕುತ್ತಿತ್ತು. "ರೆಸಾರ್ಟ್‌ನೋರು ಇದ್ರಲ್ಲೇ ಐಸ್‌ಕ್ರೀಮ್ ಕೊಡ್ತಾರೆ."

"ರೆಸಾರ್ಟಲ್ಲಿ ಎಲ್ಲರಿಗೂ ಅದ್ರಲ್ಲೇ ಕೊಡ್ತಾರೆ ಕಣ್ರೀ," ಅಂದಳು ಆಶಾ.

"ನಾನೇನು ಅವಳನ್ನ ಬೈದಿದೀನಾ, ಹೊಡೆದಿದೀನಾ? ಅವಳ ಗಂಡಂಗೆ ಉಸಿರಾಟ ತೊಂದ್ರೆ ಆದಾಗ ತುರುವೇಕೆರೆ ಆಸ್ಪತ್ರೆಗೆ ಕಾರಲ್ಲಿ ನನ್ನ ಪಕ್ಕದಲ್ಲೇ ಕೂರಿಸ್ಕೊಂಡು ಕರ್ಕೊಂಡ್ ಹೋಗಿಲ್ವಾ? ಊರಲ್ಲಿ ಹೆಂಗೋ ಹಂಗೆ ನಾವು."

ಅದು ಸುಳ್ಳಲ್ಲ. ಗಂಗರಾಜು ಕೆಟ್ಟವನಲ್ಲ. ಅವನಿಗೆ ಬುದ್ಧಿ ಬಂದಾಗಿನಿಂದ ಆ ಕಿಟಕಿಯ ಲೋಟ ಕಣ್ಣ ಮುಂದಿತ್ತು. ಕಣ್ಣ ಮುಂದೆ ಇದ್ದದ್ದರಿಂದಲೇ ಕಾಣುತ್ತಿರಲಿಲ್ಲ.

ಜೀವಿತಾ ಕೋಣೆ ಬಿಟ್ಟು ಮೂಲೆ ಸೇರಿದ್ದಳು. "ನನ್ನ ಬಟ್ಟಲು ಚೆನ್ನಾಗಿಲ್ವಾ ಅಜ್ಜಿ? ವಾಸನೆ ಬರ್ತಿತ್ತಾ?" ಎಂದು ಬಿಕ್ಕಿದಾಗ ತಿಮ್ಮಕ್ಕ ಅವಳ ಪಕ್ಕದಲ್ಲಿ ಕೂತಳು. ಏನಾದರೂ ಒಂದು ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಬಾಯಿ ಬರಲಿಲ್ಲ.

"ಬಟ್ಟಲು ಚೆನ್ನಾಗೇ ಇತ್ತು ಕಣೇ. ನಾನು ಈ ಮನೆಗೆ ಬಂದಾಗ ಕೊಟ್ಟಿಗೆ ಸೂರಲ್ಲಿ ಒಂದು ಚಿಪ್ಪು ಸಿಕ್ಕಿಸಿರ್ತಿದ್ರು. ರಾಮಕ್ಕ, ಅವರಪ್ಪ, ಕಾಲೋನಿಯಿಂದ ಯಾರು ಬಂದ್ರೂ ಅದ್ರಲ್ಲೇ ಕಾಫಿ, ಅದ್ರಲ್ಲೇ ನೀರು. ಮನೆ ಲೋಟ ಅವರು ಮುಟ್ಟಂಗಿರ್ಲಿಲ್ಲ. ನಾನೇ ಬಗ್ಗಿಸ್ತಿದ್ದೆ."

ಜೀವಿತಾ ಕಣ್ಣೊರೆಸಿಕೊಂಡಳು. "ಅದು ಪುಸ್ತಕದಲ್ಲಿದೆ ಅಜ್ಜಿ. ಅಸ್ಪೃಶ್ಯತೆ. 'ಹಿಂದೆ ಆಚರಣೆಯಲ್ಲಿತ್ತು' ಅಂತ ಇದೆ. ಪರೀಕ್ಷೇಲಿ ಬರ್ದಿದ್ದೆ."

ಪಕ್ಕದಲ್ಲಿ ನಾರು ಹೆಣೆಯುತ್ತಿದ್ದ ಸೂರಿ ತಲೆ ಎತ್ತದೆ ಕೇಳಿದ: "ಅದಕ್ಕೇನಾ ಅಜ್ಜಿ, ಆ ಲೋಟ ಮುಟ್ಟಿದ್ದಕ್ಕೆ ಕೈ ತೊಳ್ಕೊ ಅಂದಿದ್ದು?"

ಅರವತ್ತೈದು ವರ್ಷದ ತಿಮ್ಮಕ್ಕ, ಪಂಚಾಯ್ತಿಯಲ್ಲಿ ಗಂಡಸರ ಬಾಯಿ ಮುಚ್ಚಿಸಿದ ತಿಮ್ಮಕ್ಕ, ಆರು ವರ್ಷದ ಹುಡುಗನಿಗೆ ಉತ್ತರ ಕೊಡಲಾಗದೆ ಎದ್ದು ಹೋದಳು.

ಸಂಜೆ ಬಿಸಿಲು ಇಳಿದ ಮೇಲೆ ಅವಳು ಕಾಲೋನಿಗೆ ನಡೆದಳು. ನಲವತ್ತು ವರ್ಷದಲ್ಲಿ ಆ ಬೀದಿಗೆ ಹೋದದ್ದು ಎರಡೇ ಸಲ, ಎರಡು ಸಲವೂ ತಿರುವಿನಲ್ಲಿ ನಿಂತು ಕೂಗಿ ಬಂದಿದ್ದಳು. ಇವತ್ತು ಬಾಗಿಲವರೆಗೆ ಹೋದಳು. ರಾಮಕ್ಕ ಜಗಲಿಯಲ್ಲಿ ಕಡ್ಡಿಪೊರಕೆ ಕಟ್ಟುತ್ತಿದ್ದಳು. ಕೂತುಕೋ ಅನ್ನಲಿಲ್ಲ.

"ಮಗು ಗೊತ್ತಿಲ್ದೆ ಮಾಡ್ತು ರಾಮಕ್ಕ."

"ಮಗೀಗೆ ಗೊತ್ತಿಲ್ಲ ಅನ್ನೋದು ನಂಗೆ ಗೊತ್ತು ಅವ್ವಾರೆ. ನಿಮಗೆ ಗೊತ್ತಿತ್ತಲ್ಲ." ರಾಮಕ್ಕ ಹುರಿಯನ್ನು ಹಲ್ಲಲ್ಲಿ ಕಚ್ಚಿ ಬಿಗಿದಳು. "ನಮ್ಮಪ್ಪ ಚಿಪ್ಪಿನ ಸೌಟು ಮಾಡ್ತಿದ್ದ. ಜ್ಞಾಪಕ ಐತಾ? ಅವನ ಸೌಟು ನಿಮ್ಮನೆ ಸಾರಿನ ಗಡಿಗೆ ಒಳಕ್ಕೆ ಹೋಯ್ತಿತ್ತು. ಅವನು ಕೊಟ್ಟಿಗೆ ದಾಟಂಗಿರ್ಲಿಲ್ಲ. ಆಮ್ಯಾಕೆ ಚಿಪ್ಪು ಹೋಯ್ತು, ಸ್ಟೀಲ್ ಬಂತು. ಜಾಗ ಅದೇ. ಹೋಗ್ಲಿ ಬುಡು ಅಂತ ನಾನೂ ಕುಡ್ಕಂಡಿದ್ದೆ."

ರಾಮಕ್ಕ ಕಟ್ಟಿದ ಪೊರಕೆಯನ್ನು ಪಕ್ಕಕ್ಕಿಟ್ಟು ಇನ್ನೊಂದು ಹಿಡಿ ಕಡ್ಡಿ ಎಳೆದುಕೊಂಡಳು.

"ಆವತ್ತು ಆ ಮಗು ಎರಡೂ ಕೈಲಿ ಹಿಡ್ಕಂಡು ಬಂತಲ್ಲ... ನಿಮ್ಮನೇಲಿ ಯಾರೂ ನಂಗೆ ಹಂಗೆ ತಂದು ಕೊಟ್ಟಿರ್ಲಿಲ್ಲ. ಕುಡೀಬೇಕು ಅಂತ ಆಸೆ ಆಯ್ತು ಅವ್ವಾರೆ. ಕೈ ಮುಂದಕ್ಕೆ ಹೋಗ್ಲಿಲ್ಲ. ಪ್ರೀತೀಲಿ ಕೊಟ್ಟಿದ್ದನ್ನೂ ತಕ್ಕಣಾಕೆ ಆಗ್ದಂಗೆ ಮಾಡ್ಬುಟ್ರಲ್ಲ ನೀವು."

"ತಪ್ಪಾಯ್ತು ರಾಮಕ್ಕ," ಅಂದಳು ತಿಮ್ಮಕ್ಕ.

"ತಪ್ಪಾಯ್ತು, ನಾಳೆಯಿಂದ ಕೆಲಸಕ್ಕೆ ಬಾ. ಅಷ್ಟೇ ತಾನೆ?"

"ಕೊಬ್ಬರಿ ಹಾಳಾಗಿ ಹೋಗ್ಲಿ. ಮಕ್ಕಳಿಗೆ ನಿಮ್ಮಪ್ಪನ ಸೌಟು ಮಾಡೋದು ಹೇಳ್ಕೊಡು ಬಾ."

ರಾಮಕ್ಕ ಮೊದಲ ಸಲ ತಲೆ ಎತ್ತಿದಳು. "ಎಲ್ಲಿ? ಕೊಟ್ಟಿಗೇಲಾ?"

ಮಕ್ಕಳ ಕೋಣೆ ಇರುವುದು ಹೊಸಿಲು ದಾಟಿ, ಪಡಸಾಲೆ ದಾಟಿ, ದೇವರ ಗೂಡಿನ ಪಕ್ಕದಲ್ಲಿ. ಅತ್ತೆ, ಮಾವ, ಸತ್ತ ಗಂಡ ಎಲ್ಲರೂ ಒಂದು ಗಳಿಗೆ ತಿಮ್ಮಕ್ಕನ ಕಣ್ಣ ಮುಂದೆ ಬಂದು ನಿಂತರು. ಅವರನ್ನು ದಾಟಿಕೊಂಡೇ ಅವಳು ಮಾತಾಡಬೇಕಾಯಿತು.

"ಒಳಗೆ. ಮಕ್ಕಳ ರೂಮಲ್ಲಿ."

"ನೋಡಾನ," ಅಂದಳು ರಾಮಕ್ಕ, ಮತ್ತೆ ಪೊರಕೆ ಕೈಗೆತ್ತಿಕೊಂಡಳು.

ಮನೆಗೆ ಬಂದವಳೇ ತಿಮ್ಮಕ್ಕ ಕಿಟಕಿಯ ಲೋಟ ತೆಗೆದು, ಹುಣಸೆಹಣ್ಣು ಹಾಕಿ ತಿಕ್ಕಿ, ಅಡುಗೆಮನೆಯ ಲೋಟಗಳ ನಡುವೆ ಬೋರಲು ಹಾಕಿದಳು. ಮಾರನೆಯ ಬೆಳಿಗ್ಗೆ ಕಾಫಿಗೆ ಲೋಟ ತೆಗೆಯುವಾಗ ಅದು ಯಾವುದೆಂದು ಅವಳಿಗೇ ಗುರುತು ಸಿಗಲಿಲ್ಲ.

"ಊರೋರು ಏನಂತಾರೋ ಅಮ್ಮ," ಎಂದು ಗಂಗರಾಜು ಗೊಣಗಿದ.

"ಅನ್ಲಿ ಬುಡು. ಊರೋರಿಗೆ ಹೇಳೋದು ಸಲೀಸು ಕಣಪ್ಪ. ಮೊಮ್ಮಗಂಗೆ ಏನು ಹೇಳ್ಲಿ ನಾನು?"

ಎರಡು ದಿನ ಯಾರೂ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಬೀದಿ ಬಾಗಿಲಲ್ಲಿ ರಾಮಕ್ಕ ನಿಂತಿದ್ದಳು. ಒಗೆದ ಸೀರೆ, ಕಂಕುಳಲ್ಲಿ ಸೌಟಿನ ಹಿಡಿಗೆಂದು ಸೀಳಿದ ಬಿದಿರಿನ ಕಟ್ಟು, ಕೈಯಲ್ಲಿ ಒಂದು ದಬ್ಬಳ. ಜೀವಿತಾ ಓಡಿಬಂದವಳು ಅರ್ಧ ದಾರಿಯಲ್ಲಿ ನಿಂತಳು.

"ರಾಮಕ್ಕಜ್ಜಿ, ನನಗೆ ಗೊತ್ತಿರಲಿಲ್ಲ."

"ಗೊತ್ತು ಕಣವ್ವ. ಕೈ ಕೊಡು, ಹೊಸಿಲು ಎತ್ತರ ಐತೆ."

ಆ ಹೊಸಿಲು ಅಂಥ ಎತ್ತರವೇನೂ ಇರಲಿಲ್ಲ. ರಾಮಕ್ಕ ಹುಡುಗಿಯ ಕೈಯನ್ನು ಬಿಗಿಯಾಗಿ ಹಿಡಿದು ದಾಟಿದಳು. ಕೋಣೆಗೆ ಬಂದು ಡಬ್ಬ, ಮೊಳೆ, ಹಲಗೆ ಎಲ್ಲ ಒಮ್ಮೆ ಕಣ್ಣಾಡಿಸಿ ನೋಡಿದ ಮೇಲೆ ಮಾತ್ರ ಅವಳ ದನಿ ಮೊದಲಿನಂತಾಯಿತು. "ಇದ್ಯಾರು ಹಿಂಗೆ ಜೋಡಿಸಿದ್ದು? ಗಾಜಿನ ಚೂರು ಸಣ್ಣೋನ ಕೈಗೆ ಸಿಗಂಗೆ ಇಟ್ಟವ್ರೆ! ಅದು ಮೇಲಕ್ಕೆ ಹೋಗ್ಲಿ. ನಾರು ಕೆಳಕ್ಕೆ ಬರ್ಲಿ. ಹಲಗೆ ಕಿಟಕಿ ಕಡೆಗೆ ಎಳೀರಿ." ಆಶಾ, ಮಕ್ಕಳು ಸೇರಿ ಹೇಳಿದ್ದನ್ನು ಹೇಳಿದ ಹಾಗೆ ಮಾಡಿದರು. ಆಶಾ ತಟ್ಟೆಯಲ್ಲಿ ಕಾಫಿ ತಂದಳು. ರಾಮಕ್ಕ ತನ್ನ ಕೈಗೆ ಹತ್ತಿರವಿದ್ದ ಲೋಟ ತಗೊಂಡು, ಕಚ್ಚಿಕೊಂಡೇ ಕುಡಿದಳು.

ತಿಪಟೂರಿಗೆ ಹೋಗಿದ್ದ ಗಂಗರಾಜು ಬಂದು ಕೋಣೆಯ ಬಾಗಿಲಲ್ಲಿ ನಿಂತ. ಅಭ್ಯಾಸಬಲದಿಂದ ರಾಮಕ್ಕ ಅರ್ಧ ಎದ್ದಳು. ಅವನು ಅವಳನ್ನೂ, ನೆಲದ ಮೇಲೆ ಅವಳ ಪಕ್ಕದಲ್ಲಿ ಕೂತ ತಾಯಿಯನ್ನೂ, ಬಾಯಿ ಬಿಟ್ಟು ನೋಡುತ್ತಿದ್ದ ಮಕ್ಕಳನ್ನೂ ನೋಡಿದ. ಬಿದಿರಿನ ಕಡೆ ಬೆರಳು ಮಾಡಿದ.

"ಕೂತ್ಕೊ ರಾಮಕ್ಕ. ಇದು ಒಣಗಿಹೋಗೈತೆ, ಬಿರುಕು ಬಿಡ್ತದೆ. ತೋಟದ ಹಿಂದೆ ಹಸೀದಿದೆ. ಕಡಿದು ತರ್ತೀನಿ." ಮಚ್ಚು ತಗೊಂಡು ಹೊರಟ.

ರಾಮಕ್ಕ ಒಂದು ಚಿಪ್ಪನ್ನು ಮಂಡಿಯ ನಡುವೆ ಸಿಕ್ಕಿಸಿಕೊಂಡು ದಬ್ಬಳದಿಂದ ತೂತು ಕೊರೆಯತೊಡಗಿದಳು. ಮಕ್ಕಳು ಎರಡೂ ಕಡೆಯಿಂದ ಬಗ್ಗಿದರು. ತಿಮ್ಮಕ್ಕನೂ ಬಗ್ಗಿದಳು. ರಾಮಕ್ಕ ಕಣ್ಣು ಕಿರಿದು ಮಾಡಿ, ಚಿಪ್ಪನ್ನು ಅತ್ತ ಇತ್ತ ತಿರುಗಿಸಿ, ಬೇಸರದಿಂದ ತಲೆ ಎತ್ತಿದಳು.

"ಅತ್ಲಾಗೆ ಜರುಗು ತಿಮ್ಮಕ್ಕ. ಬೆಳಕಿಗೆ ಅಡ್ಡ ಕೂತಿದೀಯ."

ನಲವತ್ತು ವರ್ಷದಲ್ಲಿ ಅವಳು ತಿಮ್ಮಕ್ಕನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಕೆಲಸದಲ್ಲಿ ಮುಳುಗಿದ್ದವಳಿಗೆ ಅದು ಗೊತ್ತೇ ಆಗಲಿಲ್ಲ. ಮಕ್ಕಳಿಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ತಿಮ್ಮಕ್ಕನಿಗೆ ಮಾತ್ರ. ಅವಳು ನೆಲಕ್ಕೆ ಕೈಯೂರಿ ಗೋಡೆಯ ಕಡೆಗೆ ಜರುಗಿದಳು.

"ಸಾಕಾ?" ಎಂದು ಕೇಳಿದಳು.

"ಇನ್ನೊಂಚೂರು," ಅಂದಳು ರಾಮಕ್ಕ.