ಎರಡು ಗಂಟೆಯ ವಿಚಾರಣೆ

"ಆ ಕವರ್ ಕೊಟ್ಬಿಡು ಜೋಲೀನ್. ಎರಡು ಗಂಟೆಗೆ ವಿಚಾರಣೆ!" ಚರ್ಚಿನ ನೆಲಮಾಳಿಗೆಯ ಅಡುಗೆಮನೆ ಬಾಗಿಲಿಗೆ ಪ್ಯಾಟ್ರಿಸ್ ಅಡ್ಡ ನಿಂತಳು.

"ಅಮ್ಮನ ಮೇಲೆ ಹಾಕಿದ ಮಣ್ಣು ಇನ್ನೂ ಆರಿಲ್ಲ, ನಿಮಗೆ ಕಾಗದದ ಚಿಂತೆ!" ಜೋಲೀನ್ ಮಣ್ಣಿಗೆ ಬಂದ ನೆಂಟರ ಊಟದ ಆಲೂಗಡ್ಡೆಯ ಟ್ರೇಯನ್ನು ಕುಕ್ಕಿದಳು.

ಹೆತ್ತವರಿಂದ ದೂರವಾಗಿ ಸಾಕುಮನೆಗಳಲ್ಲಿ ಬೆಳೆಯುವ ಮಕ್ಕಳ ಪರವಾಗಿ ಕೋರ್ಟಿನಲ್ಲಿ ಮಾತಾಡುವ ಸ್ವಯಂಸೇವಕರಿಗೆ ಪ್ಯಾಟ್ರಿಸ್ ಮುಖ್ಯಸ್ಥೆ. ಶಾಲಾ ಬಸ್ಸು ಓಡಿಸಿ ನಿವೃತ್ತಳಾದ ಜೋಲೀನ್‌ಳ ಅಮ್ಮ ವಿಲ್ಡಾ ಹನ್ನೊಂದು ವರ್ಷ ಆ ಕೆಲಸ ಮಾಡಿದ್ದಳು. ಭಾನುವಾರ ಕೊನೆಯ ವರದಿ ಬರೆದು ಕವರಿಗೆ ಹಾಕಿ, ಬರೆದ ಮೇಜಿನ ಮೇಲೇ ತಲೆಯಿಟ್ಟು ತೀರಿಹೋಗಿದ್ದಳು.

"ಈ ವರದಿ ಇಲ್ಲದಿದ್ರೆ ಆ ಮಕ್ಕಳಲ್ಲಿ ಅಕ್ಕನ್ನ ಇಲ್ಲೇ ಬಿಟ್ಟು ತಮ್ಮನ್ನ ದೂರದ ಓಮಾಹಾ ಊರಿಗೆ ಕಳಿಸ್ತಾರೆ ಕಣಮ್ಮ. ಬೇಡ ಅನ್ನೋಕೆ ನಿಮ್ಮಮ್ಮ ಒಬ್ಬಳೇ ಇದ್ದದ್ದು."

*

ಹೋದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಊಟದ ಟರ್ಕಿ ಕೋಳಿ ಕತ್ತರಿಸುವ ಮೊದಲೇ ವಿಲ್ಡಾ ಹೊರಡಲು ಕೋಟು ತೊಟ್ಟಿದ್ದಳು.

"ಇವತ್ತೂನಾ? ಯಾರ ಮಕ್ಕಳಮ್ಮ ಅವು, ನಮಗಿಂತ ಹೆಚ್ಚು?"

"ಹೆಸರು ಹೇಳೋ ಹಾಗಿಲ್ಲ ಕಣೇ, ಜಡ್ಜ್ ಮುಂದೆ ಪ್ರಮಾಣ ಮಾಡಿದೀನಿ. ಅವರಿಗೆ ಬರ್ತೀನಿ ಅಂದೋರೆಲ್ಲ ಕೈಕೊಟ್ಟಿದಾರೆ. ನಾನಾದ್ರೂ ಹೋಗ್ಬೇಡ್ವಾ?"

ಜೋಲೀನ್‌ಗೆ ಹೊಟ್ಟೆ ಉರಿದುಹೋಗಿತ್ತು.

*

ಈಗ ಆ ಉರಿ ಭಯವಾಗಿತ್ತು. ಜಡ್ಜ್ ಹೊರತು ಯಾರೂ ತೆರೆಯಬಾರದೆಂದು ಕವರಿನ ಮೇಲೇ ಬರೆದಿತ್ತು. ಅವಳು ನಿನ್ನೆ ಒಡೆದು ಓದಿದ್ದಳು.

"ಓದ್ಬಿಟ್ಟೆ," ಎಂದಳು. "ಪಕ್ಕದಲ್ಲಿ ತಮ್ಮ ಇಲ್ಲದಿದ್ರೆ ಆ ಹುಡುಗಿ ಕಣ್ಣೇ ಮುಚ್ಚಲ್ಲವಂತೆ. ನನ್ನಿಂದ ಎಲ್ಲಾ ಕೆಟ್ಟುಹೋಯ್ತಾ?"

ಪ್ಯಾಟ್ರಿಸ್ ಗಡಿಯಾರ ನೋಡಿದಳು. ಒಂದೂವರೆಯಾಗಿತ್ತು.

"ಜಡ್ಜ್‌ಗೆ ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಒಪ್ಪಿದ್ರೆ ಒಪ್ಪಿದ್ರು. ನೀನು ಮಾತ್ರ ಸಾಯೋವರೆಗೂ ಬಾಯಿ ಬಿಡಬೇಡ. ಒಂದು ಹೆಸರೂ ಗೊತ್ತಿಲ್ಲ ನಿಂಗೆ, ತಿಳೀತಾ?"

ಜೋಲೀನ್ ಫ್ರಿಜ್ ಮೇಲಿನಿಂದ ಕವರ್ ತೆಗೆದು ಕೊಟ್ಟಳು. ಪ್ಯಾಟ್ರಿಸ್ ಓಡಿದಳು.

ನಾಲ್ಕಕ್ಕೆ ನೆಂಟರೆಲ್ಲ ಹೊರಟುಹೋಗಿದ್ದರು. ತೊಳೆದ ತಟ್ಟೆಯನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದ ಜೋಲೀನ್‌ಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿತು. ಹದಿಮೂರರ ಹುಡುಗಿಯೊಬ್ಬಳು ಇಳಿದು ಬಂದಳು. ಒಬ್ಬಳೇ.

"ವಿಲ್ಡಾ ಅಜ್ಜಿ ಮನೆಯೋರಾ ನೀವು?"

"ಮಗಳು. ನಿನ್ನ ಹೆಸರೇನಮ್ಮ?" ಗೊತ್ತಿದ್ದೂ ಕೇಳಿದಳು.

"ಟೆಸಿಯಾ. ಮಣ್ಣು ಮಾಡೋಕೆ ಬರೋಕಾಗ್ಲಿಲ್ಲ, ಕೋರ್ಟಿಗೆ ಹೊರಡ್ಬೇಕಿತ್ತು."

ತಮ್ಮನೆಲ್ಲಿ? ನಾಲಗೆ ತುದಿಗೆ ಬಂದದ್ದನ್ನು ಜೋಲೀನ್ ನುಂಗಿಕೊಂಡಳು. ಛೆ, ಅಮ್ಮ ಹನ್ನೊಂದು ವರ್ಷ ಇದನ್ನು ಹೇಗೆ ತಡೆದುಕೊಂಡಳೋ!

"ಊಟ ಕಟ್ಟಿಕೊಡ್ಲಾ?"

"ಎರಡು ಕೊಡ್ತೀರಾ?"

ತಟ್ಟೆಗಳನ್ನು ಹಿಡಿದು ಜೋಲೀನ್ ಮೇಲೆ ಬಂದಳು. ಅಂಗಳದಲ್ಲಿ ನಿಂತಿದ್ದ ಸಾಕುಮನೆಯವರ ಪಿಕಪ್ ಟ್ರಕ್ಕಿನ ಹಿಂಬದಿಯಲ್ಲಿ ಇಬ್ಬರ ಬಟ್ಟೆ ತುರುಕಿದ ಎರಡು ಕರಿಯ ಕಸದ ಚೀಲಗಳು ಅಕ್ಕಪಕ್ಕ ಕುಳಿತಿದ್ದವು. ಮುಂದೆ, ಕಿಟಕಿಯ ಗಾಜಿಗೆ ಕೆನ್ನೆಯೊತ್ತಿ, ಪುಟ್ಟ ಹುಡುಗನೊಬ್ಬ ಬಾಯಿ ತೆರೆದು ನಿದ್ದೆ ಹೋಗಿದ್ದ.