ಉಗುರಿನ ಗುರುತು

ಬಿಟ್ಟಿ ಉಪಕಾರ ಮಾಡಾಕೆ ಬರೋರನ್ನ ಕಂಡ್ರೆ ನನಗೆ ಮೊದ್ಲಿಂದ್ಲೂ ಆಗಲ್ಲ. ಇದು ಎಂಬತ್ತೆರಡನೇ ಇಸವಿ ಮಾತು. ತಿಪ್ಪೇರುದ್ರಸ್ವಾಮಿ ಅಂತ ತರಕಾರಿ ಸೊಸೈಟಿ ಸಾಹೇಬ್ರು ಹೊನ್ನಾಳಿಯಿಂದ ಸೈಕಲ್ ತುಳ್ಕೊಂಡು ನಮ್ಮೂರ ಹೊಳೆದಂಡೆಗೆ ಬಂದ್ರು. "ಬೊಮ್ಮಕ್ಕ, ನಿಮ್ಮ ಬದನೆಕಾಯಿ ದಾವಣಗೆರೆ ಕಡೆ ಒಂದು ದೊಡ್ಡ ಹಾಸ್ಟೆಲ್ಲಿಗೆ ಹಾಕಿಸ್ತೀನಿ. ವಾರವಾರ ತಗಂತಾರೆ. ರೇಟು ಮೊದ್ಲೇ ಮಾತಾಡಿರ್ತಾರೆ. ದಲಾಲಿ ಇಲ್ಲ, ಕೊಸರು ಇಲ್ಲ" ಅಂದ್ರು.

"ಇದ್ರಾಗೆ ನಿಮಗೇನು ಗಿಟ್ತೈತ್ರೀ?" ಅಂತ ಕೇಳೇಬಿಟ್ಟೆ.

"ಏನೂ ಇಲ್ಲಮ್ಮ. ನನಗೆ ಸಂಬಳ ಐತೆ."

ಸಂಬಳ ಇದ್ದೋರು ಯಾರಾದ್ರೂ ಇಂಥ ಬಿಸಿಲಾಗೆ ಸೈಕಲ್ ತುಳೀತಾರಾ? ನೆರಳಾಗೆ ಕುಂತ್ಕೊಂಡು ಸಂಬಳ ಎಣಿಸ್ತಾರೆ. ಈ ಮನುಷ್ಯನ ಹೊಟ್ಟೆಯಾಗೆ ಏನೋ ಐತೆ ಅಂತ ಅವತ್ತೇ ನಮ್ಮನೆಯೋರಿಗೆ ಹೇಳ್ದೆ. ಅವರು ಬೀಡಿ ಹಚ್ಕೊಂಡು "ನಿನಗೆ ಶಿವ ಬಂದು ವರ ಕೊಟ್ರೂ ತಿರುಗಿಸಿ ತಿರುಗಿಸಿ ನೋಡ್ತೀಯ" ಅಂದ್ರು.

ಹಂಗಂತ ಅಲ್ಲಿವರೆಗೂ ನಮ್ಮ ಕಾಯಿ ತಗಂತಿದ್ದ ಮಂಡಿ ದಲಾಲಿ ಓಂಕಾರಪ್ಪನೇನು ಸಾಚಾನಾ? ಕೊಸರು ಅಂತ ಬುಟ್ಟಿಗೆ ಕೈ ಹಾಕಿದ್ರೆ ಒಂದು ಮನೆ ಸಾರಿಗಾಗೋಷ್ಟು ಎತ್ತಿ ಪಕ್ಕಕ್ಕಿಡ್ತಿದ್ದ. ಅವನ ಕಾಟಕ್ಕೆ ಬೇಸತ್ತೇ ನಾವು ಏಳು ಮನೆಯೋರು ಹೂಂ ಅಂದ್ವಿ. ಸುದ್ದಿ ಅವನ ಕಿವಿಗೆ ಬಿತ್ತು. "ಹೋಗ್ರಿ, ಖುಷಿಯಾಗಿ ಹೋಗ್ರಿ. ಒಂದ್ಸಲ ಹೋದೋರು ಮತ್ತೆ ನನ್ನ ಮಂಡಿ ಮೆಟ್ಲು ಹತ್ತಬ್ಯಾಡ್ರಿ" ಅಂದ. ನನ್ನ ಗಿಡಗಳು ಆಗ ಮೈತುಂಬ ಕಾಯಿ ಬಿಟ್ಟಿದ್ವು. ಆ ವರ್ಷ ನಮ್ಮ ಮನೆ ನಡೀಬೇಕಾಗಿದ್ದು ಆ ಒಂದು ಬೆಳೆ ಮೇಲೆ. ಹಾಸ್ಟೆಲ್ಲಿನೋರು ಒಲ್ಲೆ ಅಂದ್ರೆ ಗಿಡದಾಗೇ ಕೊಳೀಬೇಕು, ಅಷ್ಟೆ.

ಆಮೇಲೆ ಸಾಹೇಬ್ರು ಇನ್ನೊಂದು ತೆಗೆದ್ರು ನೋಡ್ರಿ. "ಎಲ್ಲರ ಕಾಯೂ ಒಂದೇ ರಾಶಿ ಹಾಕ್ರಿ. ದಪ್ಪಂದು ದಪ್ಪದ ಜೊತೆ, ಸಣ್ಣದು ಸಣ್ಣದ ಜೊತೆ. ಯಾರ್ದು ಅಂತ ಅವರಿಗೆ ಬೇಕಿಲ್ಲ."

ಅಯ್ಯೋ ನಮ್ಮಪ್ಪ! ಮಂಡೀಲಿ ನನ್ನ ಬುಟ್ಟಿ ನಂದು. ಬೊಮ್ಮಕ್ಕನ ಬದನೆ ಅಂದ್ರೆ ಹೊನ್ನಾಳಿ ಸಂತೆಯಾಗೆ ಹುಡ್ಕೊಂಡು ಬರ್ತಿದ್ರು. ಅದನ್ನ ಆ ದುರುಗಕ್ಕನ ಕಾಯಿ ಜೊತೆ ಸುರೀಬೇಕಾ? ದುರುಗಕ್ಕ ಅಂದ್ರೆ ನಮ್ಮ ಬದುವಿನಾಚೆ ಹೊಲದೋಳು. ನೀರಿನ ಸರದಿಗೆ ಜಗಳ ಆಗಿ ನಾವು ಮಾತು ಬಿಟ್ಟಿದ್ವಿ. ಹುಳುಕು ಕಾಯಿ ಬುಟ್ಟಿ ತಳಕ್ಕೆ ಹಾಕಿ, ಮೇಲೆ ಮಿರಿಮಿರಿ ಅನ್ನೋದು ಜೋಡಿಸ್ತಾಳೆ ಅಂತ ನನಗೆ ಖಾತ್ರಿ. ಕಣ್ಣಾರೆ ಕಂಡಿದ್ದೆ ಅಂತಲ್ಲ. ಅವಳ ಮುಖ ನೋಡಿದ್ರೇ ಗೊತ್ತಾಗ್ತಿತ್ತು. ಆದ್ರೆ ಅವಳ ಹೊಲವೇ ದೊಡ್ಡದು, ಅವಳನ್ನ ಬಿಟ್ರೆ ಗಾಡಿ ತುಂಬಲ್ಲ.

ಅದಕ್ಕೇ ನಾನೊಂದು ಉಪಾಯ ಮಾಡ್ದೆ. ಕೀಳೋವಾಗ ಒಂದೊಂದು ಕಾಯಿಗೂ ತೊಟ್ಟಿನ ಕೆಳಗೆ ಉಗುರಿನಿಂದ ಒಂದು ಗೀಟು ಎಳೆದೆ. ನಾಳೆ ಹುಳುಕು ಸಿಕ್ತು ಅಂದ್ರೆ, ಗೀಟು ಇದ್ದದ್ದು ನಂದು, ಇಲ್ಲದ್ದು ನೋಡ್ಕಳ್ರಿ ಯಾರ್ದು ಅಂತ ಎದೆ ತಟ್ಟಿ ಹೇಳಬಹುದಲ್ಲ. ತಪ್ಪೇನೈತೆ? ಕುರಿಗೆ ಬಣ್ಣ ಹಚ್ಚಲ್ವಾ?

ಬೆಳಿಗ್ಗೆ ಗುಡಿ ಕಟ್ಟೆ ಮೇಲೆ ಎಲ್ಲರದ್ದೂ ಸುರಿದು ಆರಿಸಿದ್ವಿ. ನಾನು ದುರುಗಕ್ಕನ ಕೈಯನ್ನೇ ನೋಡ್ತಿದ್ದೆ, ಕಾಯಿ ನೋಡಲಿಲ್ಲ. ಅವಳೂ ನನ್ನ ಕೈಯನ್ನೇ ನೋಡ್ತಿದ್ಲು. ಗಾಡಿ ಜೊತೆ ಯಾರು ಬರ್ತೀರಿ ಅಂತ ಸಾಹೇಬ್ರು ಕೇಳಿದ್ರೆ ಏಳು ಹೆಂಗಸ್ರೂ ಹತ್ತಿ ಕುಂತ್ವಿ. "ಒಬ್ರು ಸಾಕಮ್ಮ" ಅಂದ್ರು. ಯಾರೂ ಇಳೀಲಿಲ್ಲ. ಆ ಒಬ್ರು ಯಾರಾಗ್ಬೇಕು, ನೀವೇ ಹೇಳ್ರಿ?

ಹಾಸ್ಟೆಲ್ಲಿನ ಅಡುಗೆಮನೆ ಉಸ್ತುವಾರಿ ಮೆಹರಾಜ್ ಬೇಗಂ ಅನ್ನೋರ್ದು. ಕನ್ನಡಕ ಹಾಕ್ಕೊಂಡು, ಸೆರಗು ಬಿಗಿ ಮಾಡ್ಕೊಂಡು, ಒಂದು ಬುಟ್ಟಿ ಗೋಣಿತಾಟಿನ ಮೇಲೆ ಬೋರಲು ಹಾಕ್ಸಿದ್ರು. ಒಂದು ಕಾಯಿ ಎತ್ತಿ ತೊಟ್ಟಿನ ಹತ್ರ ಹೆಬ್ಬೆರಳು ಇಟ್ರು.

"ಇದೇನ್ರೀ ಕಪ್ಪಗೆ?"

ನನ್ನ ಗೀಟು! ಕೀಳೋವಾಗ ಕಣ್ಣಿಗೆ ಕಾಣದಂಗಿದ್ದದ್ದು, ತಾಡಪಾಲಿನ ಕೆಳಗೆ ಆ ಸೆಕೆಯಾಗೆ ಕರ್ರಗಾಗಿ ಮೆತ್ತಗೆ ಇಳಿದಿತ್ತು. ಬೇಗಂ ಇನ್ನೊಂದು ಎತ್ತಿದ್ರು. ಅದರ ಮೇಲೆ ಎರಡು ಗೀಟು. ಮತ್ತೊಂದರ ಮೇಲೆ ಅಡ್ಡ-ಉದ್ದ ಗೆರೆ. ಇನ್ನೊಂದಕ್ಕೆ ಬುಡದಾಗೆ ಚುಚ್ಚಿದ ತೂತು. ನಾನು ತಲೆ ಎತ್ತಿ ನೋಡಿದ್ರೆ, ಉಳಿದ ಆರೂ ಜನ ನೆಲ ನೋಡ್ತಾ ನಿಂತಿದ್ರು. ದುರುಗಕ್ಕ ಉಗುರನ್ನ ಸೆರಗಿನಾಗೆ ಮುಚ್ಕೊಂಡಿದ್ಲು.

"ಹುಳ ಇಲ್ಲ, ಕೊಳೆತಿಲ್ಲ. ಚೆಂದ ಇದ್ದದ್ದನ್ನ ಯಾರೋ ಕೂತು ಕೆಡಿಸ್ಯಾರೆ" ಅಂದ್ರು ಬೇಗಂ. "ವಾಪಸ್ ತಗಂಡ್ಹೋಗ್ರಿ. ಮುಂದಿನ ವಾರವೂ ಹಿಂಗೇ ಬಂದ್ರೆ ಬಾಗಲು ತೆಗಿಯಲ್ಲ."

ತಿಪ್ಪೇರುದ್ರಸ್ವಾಮಿಯೋರು "ಇಲಿ ಏನಾದ್ರೂ..." ಅಂತ ಬಾಯಿ ತೆಗೆದು, ನಮ್ಮ ಮುಖ ನೋಡಿ ಬುಟ್ಟಿ ಗಾಡಿಗೆ ಎತ್ತಾಕೆ ಶುರು ಮಾಡಿದ್ರು. ದಾರಿಯುದ್ದಕ್ಕೂ ಒಂದು ಬೈಗುಳ ಇಲ್ಲ ಆ ಮನುಷ್ಯನ ಬಾಯಲ್ಲಿ. ಅದಕ್ಕೂ ನನಗೆ ಅನುಮಾನವೇ ಬಂತು. ಓಂಕಾರಪ್ಪ ಕಾಯಿ ಮುಟ್ಟಲೂ ಇಲ್ಲ, "ಹಾಸ್ಟೆಲ್ ಬಿಟ್ಟಿದ್ದು ನನಗ್ಯಾಕೆ?" ಅಂದ. ಗಾಡಿ ತುಂಬ ಬದನೆಕಾಯಿ ಎಮ್ಮೆಗಳ ಮುಂದೆ ಸುರಿದ್ವಿ. ನಾನು ಕೊಟ್ಟಿಗೆಯಾಗೆ ನಿಂತು ಗೊಳೋ ಅಂತ ಅತ್ತೆ.

ವಾರ ಕಳೀತು. ಕೀಳೋ ದಿನ ಬೆಳಿಗ್ಗೆ ದುರುಗಕ್ಕ ಬುಟ್ಟಿ ಹಿಡ್ಕೊಂಡು ಬದು ದಾಟಿ ಬಂದ್ಲು. ನಾನು ಸೊಂಟಕ್ಕೆ ಕೈ ಇಟ್ಕೊಂಡು ನಿಂತೆ.

"ನಮ್ಮ ನಮ್ಮ ಕಾಯಿಗೆ ಗುರುತು ಹಾಕದೆ ನನ್ನ ಕೈ ಸುಮ್ನಿರಲ್ಲ, ನಿನ್ನ ಕೈಯೂ ಸುಮ್ನಿರಲ್ಲ ಬೊಮ್ಮಕ್ಕ" ಅಂದ್ಲು. "ನಿನ್ನ ಗಿಡ ನಾನು ಕೀಳ್ತೀನಿ. ನಂದು ನೀನು ಕೀಳು. ಉಳಿದೋರಿಗೂ ಹಿಂಗೇ ಹೇಳಿ ಬಂದೀನಿ."

"ನನ್ನ ಎಳೇ ಕಾಯೆಲ್ಲ ಕಿತ್ತು ಗಿಡ ಹಾಳು ಮಾಡಿದ್ರೆ?"

"ನನ್ನ ಗಿಡವೂ ನಿನ್ನ ಕೈಯಾಗೇ ಇರ್ತೈತಲ್ಲ!"

ಆ ಮಾತು ನನಗೆ ಸರಿ ಅನ್ನಿಸ್ತು. ಅವಳ ಹೊಲಕ್ಕೆ ಹೋದೆ. ಸುಳ್ಳು ಯಾಕೆ ಹೇಳ್ಲಿ, ಒಂದೊಂದು ಗಿಡ ಬಗ್ಗಿಸಿ ಹುಳ ಹುಡುಕಿದೆ. ಎಲೆ ತಿರುವಿದೆ, ಬಿದ್ದ ಕಾಯಿ ಒಡೆದು ನೋಡಿದೆ. ಒಂದು ಹುಳ ಸಿಕ್ಕಿದ್ರೆ ನನ್ನ ಮನಸ್ಸಿಗೆ ಎಷ್ಟು ತಂಪಾಗ್ತಿತ್ತು! ಒಂದೂ ಸಿಗಲಿಲ್ಲ. ಬದುವಿನಾಚೆ ನೋಡಿದ್ರೆ ಅವಳೂ ನನ್ನ ಗಿಡದ ಬುಡಕ್ಕೆ ಬಗ್ಗಿ ಎಲೆ ತಿರುವ್ತಿದ್ಲು.

ಆ ಸಲವೂ ಏಳು ಜನ ಗಾಡಿ ಹತ್ತಿದ್ವಿ. ಬೇಗಂ ಒಂದೊಂದು ಬುಟ್ಟಿಯನ್ನೂ ಬೋರಲು ಹಾಕ್ಸಿದ್ರು. ಕಾಯಿ ತಿರುಗಿಸಿದ್ರು, ತೊಟ್ಟು ನೋಡಿದ್ರು.

"ಎಲ್ಲಾ ಇಳಿಸ್ರಿ. ವಾರವಾರ ಇಂಥದ್ದೇ ಬರಲಿ" ಅಂದ್ರು. ಆಮೇಲೆ ರಾಶಿಯಿಂದ ಒಂದು ಕಾಯಿ ಎತ್ತಿ ಅಂಗೈ ಮೇಲೆ ಇಟ್ಕೊಂಡು, "ಯಾ ಅಲ್ಲಾ, ಎಷ್ಟು ಚೆಂದ ಐತೆ! ಇದು ಯಾರ ಹೊಲದ್ದು?" ಅಂತ ಕೇಳಿದ್ರು.

ನಂದು ಅನ್ನಾಕೆ ಬಾಯಿ ತೆಗೆದೆ. ಕಾಯಿ ನೋಡಿದೆ. ತೊಟ್ಟು, ಬಣ್ಣ, ಮುಳ್ಳು ಎಲ್ಲಾ ನೋಡಿದೆ. ಇಪ್ಪತ್ತು ವರ್ಷ ಬದನೆ ಬೆಳೆದೋಳು ನಾನು, ಅದು ನಂದೋ ದುರುಗಕ್ಕಂದೋ ನನಗೆ ಗೊತ್ತಾಗಲಿಲ್ಲ. ಪಕ್ಕಕ್ಕೆ ತಿರುಗಿದೆ. ದುರುಗಕ್ಕನೂ ಬಾಯಿ ತೆರ್ಕೊಂಡು ಅದನ್ನೇ ನೋಡ್ತಿದ್ಲು. ಅವಳಿಗೂ ಗೊತ್ತಾಗಿರಲಿಲ್ಲ.