ಅಕ್ಟೋಬರಿನಲ್ಲಿ ನೆಟ್ಟ ಬಸಳೆ

ಬಹರೈನಿನಲ್ಲಿ ಶುಕ್ರವಾರ ರಜೆ. ಇಗರ್ಜಿಯಿಂದ ಬಂದು ಪೌಲಿನ್ ಅಕ್ಕಿ ತೊಳೆಯುತ್ತಿದ್ದಾಗ ಮಗಳ ಫೋಟೋ ಬಂತು. ಬಸಳೆ ಬಳ್ಳಿ. ಎಲೆಗಳೆಲ್ಲ ಕುದಿನೀರಿನಲ್ಲಿ ಅದ್ದಿ ತೆಗೆದಂತೆ ಕಪ್ಪಾಗಿ ಜೋತುಬಿದ್ದಿದ್ದವು.

ಮಗಳು ರೋಶೆಲ್ ನರ್ಸ್. ಹಿಮಾಚಲದ ಬೆಟ್ಟದೂರೊಂದರ ಮಿಷನ್ ದವಾಖಾನೆಗೆ ಅವಳು ಹೊರಟಾಗ, ಬಾಲ್ಕನಿಯ ಬಸಳೆಯಿಂದ ಎರಡು ತುಂಡು ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಬ್ಯಾಗಿಗೆ ತುರುಕಿದವಳು ಪೌಲಿನ್. "ಮೊದಲು ಡಬ್ಬದಲ್ಲಿ ಬೇರು ಬರಲಿ. ಅಕ್ಟೋಬರ್ ಬಂದ ಕೂಡಲೇ ಬಯಲಲ್ಲಿ ನೆಡು" ಅಂದವಳೂ ಅವಳೇ. ಬಹರೈನಿನಲ್ಲಿ ಗಿಡ ಬೆಳೆಸಿ ಕೈ ಪಳಗಿದವಳಿಗೆ ಅಕ್ಟೋಬರ್ ಅಂದರೆ ಸೆಕೆ ಇಳಿದು ಮಣ್ಣಿಗೆ ಜೀವ ಬರುವ ತಿಂಗಳು. ಬೇರೆ ಕಡೆ ಬೇರೆ ಅಕ್ಟೋಬರ್ ಇರಬಹುದೆಂದು ಹೊಳೆದಿರಲೇ ಇಲ್ಲ.

ಫೋಟೋದ ಹಿಂದೆಯೇ ಕರೆ ಬಂತು.

"ಮಮ್ಮಿ, ನಿನ್ನೆ ಹಿಮ ಬಿತ್ತು. ಬುಡ ಮಾತ್ರ ಇನ್ನೂ ಹಸಿರುಂಟು. ಎಂತ ಮಾಡುದು?"

"ಅಳ್ತಿದ್ದೀಯಾ?"

"ಇಲ್ಲಪ್ಪ, ಶೀತ. ಇಲ್ಲಿ ನನ್ನ ಭಾಷೆ ಗೊತ್ತಿರುದು ಇದಕ್ಕೊಂದಕ್ಕೇ. ಇದೂ ಹೋದ್ರೆ ನಾನು ಗಂಟುಮೂಟೆ ಕಟ್ಟಿ ವಾಪಸ್ ಬರ್ತೇನೆ, ನೋಡು."

ಎಲ್ಲವನ್ನೂ ಫೋನಿನಲ್ಲೇ ಹುಡುಕಿಕೊಳ್ಳುವ ಹುಡುಗಿ ಅಮ್ಮನನ್ನು ಏನಾದರೂ ಕೇಳಿ ವರ್ಷಗಳಾಗಿದ್ದವು. "ಈಗಲೇ ಹೇಳ್ತೇನೆ" ಎಂದು ಪೌಲಿನ್ ಫೋನಿಟ್ಟಳು.

ಗಿಡ ಬೆಳೆಸುವವರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಬೆಚ್ಚನೆ ನೀರು ಹಾಕಿ ಎಂದರು. ಇನ್ನೊಬ್ಬರು ನೀರೇ ಬೇಡ ಎಂದರು. ಮತ್ತೊಬ್ಬರು ಬಿಸಿಲಿಗೆ ಕಟ್ಟುವ ಹಸಿರು ಬಲೆಯ ಫೋಟೋ ಹಾಕಿದರು. ವಿಡಿಯೋದಲ್ಲಿ ಸಿಕ್ಕ ಬೆಟ್ಟದ ಮನುಷ್ಯನಿಗೆ ಗಿಡಗಳಿಗೆಂದೇ ಗಾಜಿನ ಮನೆ ಇತ್ತು. ಕೊನೆಗೆ, ಹೋಟೆಲಿನಲ್ಲಿ ತನ್ನ ಜೊತೆ ರೂಮು ಗುಡಿಸುವ ನೇಪಾಳದ ಮಾಯಾಳಿಗೆ ಫೋನ್ ಮಾಡಿದಳು.

"ನಮ್ಮೂರಲ್ಲೂ ಹಿಮ ಬೀಳ್ತದೆ ದೀದಿ. ಆದ್ರೆ ಗಿಡ ನೋಡ್ತಿದ್ದದ್ದು ಅಜ್ಜಿ. ಈಗ ಅಜ್ಜಿ ಇಲ್ಲ."

ಟುಬ್ಲಿಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿರುವ ಗಂಡ ಯುಸ್ಟೇಸ್ ಸೋಫಾದಿಂದಲೇ, "ಗಾಡಿಯಾಗಿದ್ರೆ ಹೆಪ್ಪುಗಟ್ಟದ ಹಾಗೆ ಕೂಲೆಂಟ್ ಹಾಕ್ಬಹುದಿತ್ತು" ಅಂದ.

"ತಮಾಷೆ ಸಾಕು."

"ಮತ್ತೆ? ಗೊತ್ತಿಲ್ಲ ಅಂತ ಹೇಳು ಅವಳಿಗೆ."

"ನೆಡು ಅಂತ ಹೇಳಿದ್ದೇ ನಾನು. ಈಗ ಗೊತ್ತಿಲ್ಲ ಅಂತ ಹೇಳುದಾ?"

ಅವನು ಟಿವಿಯ ಸದ್ದು ಕಡಿಮೆ ಮಾಡಿದ.

ಮತ್ತೆ ಕರೆ ಮಾಡಿದರೆ ಹೋಗಲಿಲ್ಲ. ಗಾಳಿ ಬೀಸಿದರೆ ಸಾಕು, ಅಲ್ಲಿ ನೆಟ್‌ವರ್ಕ್ ಹೋಗುತ್ತದೆಂದು ಮಗಳು ಹೇಳಿದ್ದಳು. ಪೌಲಿನ್ ಫೋನನ್ನು ಬಾಯಿಗೆ ಹತ್ತಿರ ಹಿಡಿದು ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಕಳಿಸಿದಳು: "ಬುಡಸಮೇತ ಅಗೆದು ಡಬ್ಬಕ್ಕೆ ಹಾಕು ಮಗಾ, ಒಲೆ ಹತ್ತಿರ ಇಡು. ಅದು ಸರಿಯಾ ಅಂತ ನಂಗೆ ಗೊತ್ತಿಲ್ಲ. ಆದ್ರೂ ನೀನು ಕೇಳ್ತಾ ಇರು."

ಒಂದೇ ಟಿಕ್ ಬಿತ್ತು. ಮಗಳಿಗೆ ಇನ್ನೂ ತಲುಪಿಲ್ಲ.

ಸಂಜೆ ಯುಸ್ಟೇಸ್ ಇವತ್ತು ಎಂತದ್ದು ಸಾರು ಎಂದು ಕೇಳಿದ. ಪೌಲಿನ್ ಕತ್ತರಿ ಹಿಡಿದು ಬಾಲ್ಕನಿಗೆ ಹೋದಳು. ಹಿತವಾದ ಗಾಳಿಗೆ ಬಸಳೆ ಎಸಿಯ ಪೈಪನ್ನು ಸುತ್ತಿ, ಅಂಗೈಯಗಲದ ಎಲೆ ಬಿಟ್ಟು ಸೊಕ್ಕಿ ನಿಂತಿತ್ತು. ಒಂದು ದಂಟು ಹಿಡಿದಳು. ಬಿಟ್ಟಳು. ಒಳಗೆ ಬಂದು ತೊಗರಿಬೇಳೆಯ ಡಬ್ಬ ತೆಗೆದು, ಇನ್ನೊಮ್ಮೆ ಫೋನ್ ನೋಡಿದಳು.

ಇನ್ನೂ ಒಂದೇ ಟಿಕ್.